ಬದಿಯಡ್ಕದಿಂದ ಒಸಾಕಾಕ್ಕೆ: ಗೆಳೆತನಕ್ಕೆ ದಾಖಲೆ ಹೊಂದಿಸಿದ ಕಥೆ

ಜಪಾನಿನಿಂದ ಬಂದು ಸೂಟ್‌ಕೇಸ್ ಇನ್ನೂ ಪೂರ್ತಿ ಖಾಲಿ ಮಾಡಿಲ್ಲ. ಅಷ್ಟರಲ್ಲಿ ಫೋನ್ ಮಾಡಿದವರೆಲ್ಲ ಕೇಳುವುದು ಒಂದೇ ಮಾತು. ಆನ್‌ಲೈನಿನಲ್ಲಿ ಪರಿಚಯ ಆದವರ ಮನೆಗೆ ಹೋಗ್ತೇನೆ ಅಂದರೆ ವೀಸಾ ಕೊಡ್ತಾರಾ? ಕೊಡ್ತಾರೆ. ನನಗೆ ಕೊಟ್ಟರು. ಆದರೆ ಏನೇನು ಕಾಗದ ಬೇಕು, ಎಲ್ಲಿ ತಡವಾಗುತ್ತದೆ ಅಂತ ಕನ್ನಡದಲ್ಲಿ ಹೇಳುವವರು ನನಗೆ ಯಾರೂ ಸಿಗಲಿಲ್ಲ. ಕಾಸರಗೋಡಿನವರಿಗೆ, ಅದರಲ್ಲೂ ಅಡಿಕೆ ತೋಟವೇ ಜೀವನ ಆಗಿರುವವರಿಗೆ, ಕೆಲವು ತೊಂದರೆ ಬೇರೆಯೇ ಇವೆ. ಎಲ್ಲ ನೆನಪಿರುವಾಗಲೇ ಬರೆದಿಡುತ್ತೇನೆ. ಮುಂದೆ ಹೊರಡುವವರಿಗೆ ಉಪಯೋಗ ಆಗಲಿ.

ಮೊದಲು ಗೆಳೆತನದ ವಿಷಯ ಹೇಳಬೇಕು, ಯಾಕೆಂದರೆ ಅರ್ಜಿಯಲ್ಲಿ ಅವರು ಕೇಳಿದ್ದೂ ಅದನ್ನೇ.

ಕೊರೊನಾ ಕಾಲದಲ್ಲಿ ಪುಣೆಯ ಒಬ್ಬರು ಟೀಚರ್ ಆನ್‌ಲೈನಿನಲ್ಲಿ ಜಪಾನಿ ಭಾಷೆ ಕಲಿಸುತ್ತಿದ್ದರು. ಪುಣೆಯಲ್ಲಿ ಜಪಾನಿ ಕಲಿಯುವವರು ಮೊದಲಿಂದಲೂ ಜಾಸ್ತಿ. ಒಕಾಯಾಮಾದ ಕೊರಾಕುಎನ್ ತೋಟದ ಮಾದರಿಯಲ್ಲಿ ಮಾಡಿದ ದೊಡ್ಡ ಉದ್ಯಾನವೇ ಆ ಊರಿನಲ್ಲಿದೆ. ನಾನು ಸಂಜೆ ತೋಟಕ್ಕೆ ಮದ್ದು ಬಿಟ್ಟು ಬಂದು, ಸ್ನಾನ ಮುಗಿಸಿ, ಫೋನ್ ಹಿಡಿದು ಹಿರಾಗಾನ ಅಕ್ಷರ ತಿದ್ದುತ್ತಿದ್ದೆ. ಕ್ಲಾಸು ಮುಗಿದ ಮೇಲೂ ನಾವು ಕೆಲವರು ವಾಟ್ಸಾಪಿನಲ್ಲಿ ಉಳಿದುಕೊಂಡೆವು. ಎಲ್ಲರಿಗೂ ಜಪಾನ್ ಅಂದರೆ ಪ್ರಾಣ. ಒಬ್ಬರಿಗೆ ಅಲ್ಲಿನ ಸಣ್ಣ ಸಣ್ಣ ರೈಲು ನಿಲ್ದಾಣ, ಒಬ್ಬರಿಗೆ ಬಿಸಿನೀರಿನ ಬುಗ್ಗೆ, ಕೊಚ್ಚಿಯ ಹುಡುಗನಿಗೆ ಫುಜಿ ಬೆಟ್ಟ ಹತ್ತುವ ಹುಚ್ಚು. ಟೀಚರನ್ನು ನಾವೆಲ್ಲ ಸೆನ್ಸೆಯ್ ಅಂತಲೇ ಕರೆಯುವುದು. ಅವರ ಹಳೆಯ ಪತ್ರಮಿತ್ರೆಯೊಬ್ಬರು ಒಸಾಕಾದಲ್ಲಿದ್ದಾರೆ. ನಮ್ಮ ತಪ್ಪು ಜಪಾನಿ ತಿದ್ದಲಿ ಅಂತ ಸೆನ್ಸೆಯ್ ಅವರನ್ನೂ ಗುಂಪಿಗೆ ಸೇರಿಸಿದರು. ನಾನು ಅವರನ್ನು ಅಕ್ಕ ಅಂತ ಕರೆಯುತ್ತೇನೆ. ಅರವತ್ತರ ಹತ್ತಿರದ ಪ್ರಾಯ. ಲೈಬ್ರರಿಯೊಂದರಲ್ಲಿ ಕೆಲಸ.

ಒಂದು ದಿನ ನಮ್ಮ ಕಾಸರಗೋಡಿನ ಯಕ್ಷಗಾನ ಬೊಂಬೆಯಾಟದ ಫೋಟೋ ಹಾಕಿದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ನಾವು, ನಮ್ಮಲ್ಲಿ ಆಟ ಬೊಂಬೆಗೂ ಇಳಿದಿದೆ ಅಂತ ಎರಡು ಸಾಲು ಬರೆದೆ. ಕೂಡಲೇ ಅಕ್ಕ ಬುನ್‌ರಾಕುವಿನ ಫೋಟೋ ಕಳಿಸಿದರು. ಅದು ಒಸಾಕಾದವರ ಬೊಂಬೆಯಾಟ. ನಮ್ಮದು ಮೇಲಿಂದ ದಾರ ಹಿಡಿದು ಆಡಿಸುವುದು. ಅವರದ್ದರಲ್ಲಿ ಒಂದು ಬೊಂಬೆಗೆ ಮೂರು ಜನ. ಮುಖ್ಯ ಕಲಾವಿದ ತಲೆ ಮತ್ತು ಬಲಗೈ ಆಡಿಸಿದರೆ, ಇನ್ನೊಬ್ಬ ಎಡಗೈ, ಮತ್ತೊಬ್ಬ ಕಾಲು. ಅಲ್ಲಿಂದ ನಮ್ಮಿಬ್ಬರ ಮಾತು ನಿಲ್ಲಲೇ ಇಲ್ಲ. ನಾನು ದಾರ ಕಟ್ಟುವ ಕ್ರಮದ ವಿಡಿಯೋ ಕಳಿಸಿದರೆ ಅವರು ಬೊಂಬೆಯ ಹುಬ್ಬು ಹೇಗೆ ಏರುತ್ತದೆ ಅಂತ ಚಿತ್ರ ಬರೆದು ಕಳಿಸುತ್ತಿದ್ದರು. ವರ್ಷಗಳು ಕಳೆದವು. ಅಮ್ಮನ ಕಾಲಿನ ಆಪರೇಶನ್ ಆದಾಗ ಮೊದಲು ವಿಚಾರಿಸಿದವರಲ್ಲಿ ಅವರೂ ಒಬ್ಬರು.

ಕಳೆದ ವರ್ಷ ಅವರೇ ಹೇಳಿದರು. "ನವೆಂಬರಿನಲ್ಲಿ ರಾಷ್ಟ್ರೀಯ ಬುನ್‌ರಾಕು ರಂಗಮಂದಿರದಲ್ಲಿ ಪ್ರದರ್ಶನ ಇರ್ತದೆ. ಬನ್ನಿ. ನಮ್ಮ ಮನೆಯಲ್ಲೇ ಇರಿ." ನವೆಂಬರ್ ಮೊದಲ ವಾರ ಅಂದರೆ ನನಗೂ ಅನುಕೂಲ. ಮಳೆ ಹಿಂದೆ ಸರಿದಿರುತ್ತದೆ, ಅಡಿಕೆ ಕೊಯ್ಲು ಇನ್ನೂ ಜೋರಾಗಿರುವುದಿಲ್ಲ. ಹೆಂಡತಿ, "ಹೋಗಿ ಬನ್ನಿ, ತೋಟ ನಾನು ನೋಡ್ಕೊಳ್ತೇನೆ" ಅಂದಳು. ಅಮ್ಮನಿಗೆ ಮಾತ್ರ ಭಯ. "ನೋಡದ ಜನರ ಮನೆಗೆ ಅಷ್ಟು ದೂರ ಹೋಗುವುದಾ ಮಗಾ?" ಅಕ್ಕನಿಗೆ ವಿಡಿಯೋ ಕಾಲ್ ಮಾಡಿ ಅಮ್ಮನ ಕೈಗೆ ಫೋನ್ ಕೊಟ್ಟೆ. ಭಾಷೆ ಗೊತ್ತಿಲ್ಲದ ಇಬ್ಬರೂ ತಲೆ ಬಗ್ಗಿಸಿ ಬಗ್ಗಿಸಿ ನಮಸ್ಕಾರ ಮಾಡಿದರು. ಅಮ್ಮ ಆಮೇಲೆ ಬೇಡ ಅನ್ನಲಿಲ್ಲ.

ಅಮ್ಮ ಭಯಪಟ್ಟದ್ದು ಸರಿಯೇ. ಆನ್‌ಲೈನ್ ಗೆಳೆಯರ ಹೆಸರಿನಲ್ಲಿ ಮೋಸ ಹೋದವರು ಎಷ್ಟೋ ಜನ. ಮುಖ ತೋರಿಸಿ ಮಾತಾಡದವರು, ವೀಸಾ ಮಾಡಿಸಿ ಕೊಡ್ತೇನೆ ಅಂತ ದುಡ್ಡು ಕೇಳುವವರು, ಪಾಸ್‌ಪೋರ್ಟ್ ಕಳಿಸು ಅನ್ನುವವರು ಗೆಳೆಯರಲ್ಲ. ನಮ್ಮ ಗುಂಪಿನಲ್ಲಿ ಒಬ್ಬರಿಗೊಬ್ಬರು ದುಡ್ಡು ಕೇಳುವ ಹಾಗಿಲ್ಲ ಅಂತ ಸೆನ್ಸೆಯ್ ಮೊದಲ ದಿನವೇ ಕಟ್ಟುನಿಟ್ಟು ಮಾಡಿದ್ದರು.

ಈಗ ವೀಸಾ. ಇಲ್ಲಿ ಎರಡು ದಾರಿ ಇದೆ.

2024ರ ಏಪ್ರಿಲಿನಿಂದ ಭಾರತದ ಪ್ರವಾಸಿಗಳಿಗೆ ಜಪಾನ್ ಇ-ವೀಸಾ ಕೊಡುತ್ತಿದೆ. ಸುತ್ತಾಡಲು ಹೋಗುವವರಿಗೆ, ಹೋಟೆಲಿನಲ್ಲಿ ಉಳಿಯುವವರಿಗೆ ಅದು ಸುಲಭ. ಒಂದು ಸಲದ ಪ್ರವೇಶ, ಗರಿಷ್ಠ 90 ದಿನ. ಅರ್ಜಿಯನ್ನು ವೀಸಾ ಅರ್ಜಿ ಕೇಂದ್ರದ ಮೂಲಕವೇ ಕೊಡಬೇಕು. ಇ-ವೀಸಾ ಸಿಕ್ಕಿದವರು ಒಂದು ವಿಷಯ ಮರೆಯಬೇಡಿ. ವಿಮಾನ ನಿಲ್ದಾಣದಲ್ಲಿ ಅದನ್ನು ಇಂಟರ್ನೆಟ್ ಹಾಕಿ ಫೋನಿನಲ್ಲೇ ತೆರೆದು ತೋರಿಸಬೇಕು. ಪ್ರಿಂಟು, ಪಿಡಿಎಫ್, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ.

ಎರಡನೆಯದು, ಪರಿಚಯದವರನ್ನು ಭೇಟಿಯಾಗಲು ಹೋಗುವ ವೀಸಾ. ಇದಕ್ಕೆ ಜಪಾನಿನ ಕಡೆಯಿಂದಲೂ ಕಾಗದ ಬರಬೇಕು.

ನನಗೆ ಸಲಹೆ ಕೊಟ್ಟವರೆಲ್ಲ ಹೇಳಿದ್ದು, "ಸುಮ್ನೆ ಟೂರಿಸ್ಟ್ ವೀಸಾ ಹಾಕು. ಕ್ಯಾನ್ಸಲ್ ಮಾಡಬಹುದಾದ ಹೋಟೆಲ್ ಬುಕ್ ಮಾಡು, ವೀಸಾ ಬಂದ ಮೇಲೆ ತೆಗೆದುಬಿಡು" ಅಂತ. ನನಗೆ ಮನಸ್ಸು ಬರಲಿಲ್ಲ. ನಾನು ಹೋಗುತ್ತಿರುವುದು ಅಕ್ಕನ ಮನೆಗೆ. ಅದನ್ನು ಮುಚ್ಚಿಟ್ಟು ಹೋಟೆಲ್ ಹೆಸರು ಬರೆದರೆ, ನಾಳೆ ವಿಮಾನ ನಿಲ್ದಾಣದಲ್ಲಿ "ಎಲ್ಲಿ ಉಳಿಯುತ್ತೀರಿ" ಅಂತ ಕೇಳಿದಾಗ ಏನು ಹೇಳುವುದು? ಅಕ್ಕನ ವಿಳಾಸವೂ ಅದರಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಲ್ವಾ? ಕಷ್ಟವಾದರೂ ಇದ್ದದ್ದನ್ನು ಇದ್ದ ಹಾಗೆ ಬರೆಯುವುದು ಅಂತ ತೀರ್ಮಾನ ಮಾಡಿದೆ. ಇವತ್ತಿಗೂ ಅದೇ ಸರಿ ಅನ್ನುತ್ತೇನೆ.

ಕಾಸರಗೋಡಿನವರಿಗೆ ಮೊದಲ ತೊಡಕು ಇಲ್ಲಿದೆ. ನಮಗೆ ಮಂಗಳೂರು ಪಕ್ಕದ ಮನೆ ಇದ್ದ ಹಾಗೆ. ಆಸ್ಪತ್ರೆ, ಕಾಲೇಜು, ಮದುವೆ ಬಟ್ಟೆ ಎಲ್ಲದಕ್ಕೂ ಅಲ್ಲಿಗೇ ಹೋಗುವುದು. ಹಾಗಾಗಿ ಕರ್ನಾಟಕದವರ ಹಾಗೆ ಬೆಂಗಳೂರಿನಲ್ಲೇ ಅರ್ಜಿ ಕೊಡುವುದು ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಬೆಂಗಳೂರಿನ ಜಪಾನ್ ಕಾನ್ಸುಲೇಟ್ ಕರ್ನಾಟಕದವರಿಗೆ ಮಾತ್ರ. ಪಾಸ್‌ಪೋರ್ಟಿನಲ್ಲಿ ಕೇರಳದ ವಿಳಾಸ ಇರುವ ನಾವು ಚೆನ್ನೈ ಕಾನ್ಸುಲೇಟಿಗೆ ಸೇರುತ್ತೇವೆ. ಚೆನ್ನೈಗೇ ಹೋಗಬೇಕಾಗಿಲ್ಲ, ಕೊಚ್ಚಿಯ ಅರ್ಜಿ ಕೇಂದ್ರದಲ್ಲಿ ಕೊಟ್ಟರೆ ಫೈಲು ಚೆನ್ನೈಗೆ ಹೋಗುತ್ತದೆ. ನಿಮ್ಮ ಮಕ್ಕಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು ಅಲ್ಲಿಯೇ ವಾಸ ಇರುವ ದಾಖಲೆ ಇದ್ದರೆ ಅವರ ವಿಷಯ ಬೇರೆ, ಮೊದಲೇ ಕೇಂದ್ರದಲ್ಲಿ ವಿಚಾರಿಸಿಕೊಳ್ಳಿ.

ಜಪಾನಿನ ಕಡೆಯಿಂದ ಬೇಕಾದದ್ದು ಇಷ್ಟು. ಶೋಹೆಯ್ ರಿಯೂಶೋ, ಅಂದರೆ ಯಾಕೆ ಕರೆಸಿಕೊಳ್ಳುತ್ತಿದ್ದೇವೆ ಅಂತ ಕಾರಣ ಬರೆದ ಪತ್ರ. ದಿನದಿನದ ಕಾರ್ಯಕ್ರಮದ ಪಟ್ಟಿ. ಕರೆಸಿಕೊಳ್ಳುವವರ ಜೂಮಿನ್‌ಹ್ಯೋ, ಅಂದರೆ ಅವರು ವಾಸ ಇರುವ ಊರಿನ ಕಚೇರಿ ಕೊಡುವ ವಾಸದ ದಾಖಲೆ. ಖರ್ಚಿನ ಹೊಣೆ ಅವರು ಹೊರುವುದಾದರೆ ಮಿಮೊಟೊ ಹೋಶೋಶೋ ಅನ್ನುವ ಜಾಮೀನು ಪತ್ರ, ಜೊತೆಗೆ ಅವರ ಆದಾಯ ತೋರಿಸುವ ತೆರಿಗೆ ದಾಖಲೆ. ಈ ಪತ್ರಗಳ ಖಾಲಿ ನಮೂನೆಗಳು ಜಪಾನ್ ವಿದೇಶಾಂಗ ಇಲಾಖೆಯ ವೆಬ್‌ಸೈಟಿನಲ್ಲೇ ಇವೆ.

ಜಾಮೀನು ಪತ್ರದ ವಿಷಯ ಬಂದಾಗ ನನಗೆ ತುಂಬ ಸಂಕೋಚ ಆಯಿತು. ಅದರಲ್ಲಿ ಮೂರು ಮಾತಿಗೆ ಸಹಿ ಹಾಕಬೇಕು. ಬಂದವರ ಇರುವಿಕೆಯ ಖರ್ಚು, ಮರಳಿ ಹೋಗುವ ಖರ್ಚು, ಅವರು ಕಾನೂನು ಪಾಲಿಸುವುದು, ಈ ಮೂರಕ್ಕೂ ನಾನು ಹೊಣೆ ಅಂತ. ಜಪಾನಿನಲ್ಲಿ ಯಾರಿಗೂ ಜಾಮೀನು ನಿಲ್ಲಬೇಡ ಅಂತ ಮಕ್ಕಳಿಗೆ ಹೇಳಿ ಬೆಳೆಸುವ ಮನೆಗಳು ಎಷ್ಟೋ ಇವೆ. ನಮ್ಮಲ್ಲಿ ಸಹಕಾರಿ ಸಾಲಕ್ಕೆ ಸಹಿ ಹಾಕಿ ತೋಟ ಕಳೆದುಕೊಂಡವರ ಕಥೆ ಕೇಳಿದವನಿಗೆ ಅದು ಅರ್ಥವಾಗುತ್ತದೆ. ನನ್ನ ಖರ್ಚು ನಾನೇ ನೋಡಿಕೊಳ್ಳುತ್ತೇನೆ, ಆ ಪತ್ರ ಬೇಡ ಅಂದೆ. ಅಕ್ಕ ಎರಡು ದಿನ ಉತ್ತರ ಕೊಡಲಿಲ್ಲ. ಬೇಜಾರಾಯಿತೋ ಏನೋ ಅಂತ ನನಗೆ ನಿದ್ದೆ ಬರಲಿಲ್ಲ. ಮೂರನೇ ದಿನ ಒಂದು ಫೋಟೋ ಬಂತು. ಊಟದ ಮೇಜಿನ ಮೇಲೆ ಜಾಮೀನು ಪತ್ರ, ಸಹಿ ಹಾಕಿ ಆಗಿದೆ, ಪಕ್ಕದಲ್ಲಿ ಅವರ ಯಜಮಾನರ ಕನ್ನಡಕ. "ಇವರಿಗೂ ಓದಿ ಹೇಳಿದೆ. ಇಬ್ಬರೂ ಒಪ್ಪಿದ್ದೇವೆ. ನಿಮ್ಮ ಆದಾಯ ತೋಟದ್ದು, ಕಾಗದ ಕಡಿಮೆ, ಇದು ಇರಲಿ" ಅಂತ ಬರೆದಿದ್ದರು. ನಾನು ಅದನ್ನು ಹೆಂಡತಿಗೆ ಓದಿ ಹೇಳುವಾಗ ಗಂಟಲು ಕಟ್ಟಿತು.

ಜೂಮಿನ್‌ಹ್ಯೋ ಬಗ್ಗೆ ಒಂದು ಎಚ್ಚರಿಕೆ. ಅದರಲ್ಲಿ ಮನೆಯವರ ಸಂಬಂಧ ಕಾಣಬೇಕು, ಆದರೆ ಮೈ ನಂಬರ್ ಅನ್ನುವ ಗುರುತಿನ ಸಂಖ್ಯೆ ಇರಬಾರದು. ಅಕ್ಕನಿಗೆ ಮೊದಲು ಸಿಕ್ಕಿದ ಪ್ರತಿಯಲ್ಲಿ ಆ ಸಂಖ್ಯೆ ಅಚ್ಚಾಗಿತ್ತು. ಇನ್ನೊಮ್ಮೆ ರಜೆ ಹಾಕಿ ಹೋಗಿ ಬೇರೆ ಪ್ರತಿ ತಂದರು. ನಿಮ್ಮ ಗೆಳೆಯರಿಗೆ ಇದನ್ನು ಮೊದಲೇ ಹೇಳಿಬಿಡಿ. ಇನ್ನೊಂದು, ನಿಮ್ಮ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಎಲ್ಲ ಪತ್ರಗಳಲ್ಲೂ ಇರಬೇಕು. ನಮ್ಮ ಕಡೆಯವರ ಪಾಸ್‌ಪೋರ್ಟಿನಲ್ಲಿ ಮನೆ ಹೆಸರು, ಅಪ್ಪನ ಹೆಸರಿನ ಅಕ್ಷರ, ಖಾಲಿ ಬಿಟ್ಟ ಸರ್‌ನೇಮ್, ಏನೇನೋ ಇರುತ್ತದೆ. ಪಾಸ್‌ಪೋರ್ಟಿನ ಮೊದಲ ಪುಟದ ಫೋಟೋ ಅವರಿಗೆ ಕಳಿಸಿ, ನೋಡಿಕೊಂಡು ಬರೆಯಲು ಹೇಳಿ. ಆದರೆ ಹೀಗೆ ಕಳಿಸುವುದು ವರ್ಷಗಟ್ಟಲೆ ಬಲ್ಲವರಿಗೆ ಮಾತ್ರ.

ಕಾಗದಗಳು ಇಎಂಎಸ್ ಅನ್ನುವ ಸ್ಪೀಡ್ ಪೋಸ್ಟಿನಲ್ಲಿ ಬಂದವು. ಪೋಸ್ಟ್‌ಮ್ಯಾನ್ ಕೈಯಿಂದ ತೆಗೆದುಕೊಂಡಾಗ ಅಕ್ಕ ಕವರಿನ ಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣ ಬೊಂಬೆ ಬರೆದದ್ದು ಕಾಣಿಸಿತು.

ಇನ್ನು ನನ್ನ ಕಡೆಯ ಕಾಗದ. ಇಲ್ಲಿ ನಾನು ಜಾಸ್ತಿ ಹೇಳಬೇಕು.

ಪಟ್ಟಿಯಲ್ಲಿ ಐಟಿಆರ್, ಅಂದರೆ ಆದಾಯ ತೆರಿಗೆ ರಿಟರ್ನ್, ಅಂತ ಇರುತ್ತದೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಹಾಗಾಗಿ ನಮ್ಮಲ್ಲಿ ಹೆಚ್ಚಿನವರು ರಿಟರ್ನ್ ಹಾಕಿರುವುದೇ ಇಲ್ಲ. ನಾನೂ ಹಾಕಿಲ್ಲ. ಏಜೆಂಟ್ ಒಬ್ಬರು "ಹಿಂದಿನ ತಾರೀಕಿಗೆ ಏನಾದರೂ ಮಾಡೋಣ" ಅಂದರು, ನಾನು ಅಲ್ಲಿಂದ ಎದ್ದು ಬಂದೆ. ಅದರ ಬದಲು ಹೀಗೆ ಮಾಡಿದೆ. ನಾನು ಕೃಷಿಕ, ಆದಾಯ ಅಡಿಕೆಯಿಂದ, ಆದ್ದರಿಂದ ಐಟಿಆರ್ ಇಲ್ಲ ಅಂತ ಕವರಿಂಗ್ ಲೆಟರಿನಲ್ಲಿ ನೇರವಾಗಿ ಬರೆದೆ. ಜಾಗದ ತೀರ್ವೆ, ಅಂದರೆ ಕಂದಾಯದ ರಶೀದಿ ಇಟ್ಟೆ. ಕೇರಳ ಸರ್ಕಾರದ ಅರ್ಜಿ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿ ವಿಲೇಜ್ ಆಫೀಸಿನಿಂದ ಪೊಸೆಶನ್ ಸರ್ಟಿಫಿಕೇಟ್, ಆದಾಯದ ಸರ್ಟಿಫಿಕೇಟ್ ತೆಗೆಸಿದೆ. ಅಡಿಕೆ ಕೊಳ್ಳುವ ಸಹಕಾರಿ ಸಂಸ್ಥೆ ಕ್ಯಾಂಪ್ಕೋಗೆ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ ಕೊಟ್ಟ ಬಿಲ್ಲುಗಳನ್ನು ಜೋಡಿಸಿದೆ. ಈ ಬಿಲ್ಲುಗಳು ನಿಜವಾಗಿ ಕೈ ಹಿಡಿದವು. ಯಾಕೆಂದರೆ ನಮ್ಮ ಖಾತೆಗೆ ಸಂಬಳದ ಹಾಗೆ ತಿಂಗಳು ತಿಂಗಳು ದುಡ್ಡು ಬರುವುದಿಲ್ಲ. ಅಡಿಕೆ ಕೊಟ್ಟಾಗ ಒಟ್ಟಿಗೆ ಬರುತ್ತದೆ, ಆಮೇಲೆ ತಿಂಗಳುಗಟ್ಟಲೆ ಖರ್ಚು ಮಾತ್ರ. ವೀಸಾ ನೋಡುವವರಿಗೆ ಅಂಥ ದೊಡ್ಡ ಮೊತ್ತ ಯಾರೋ ಸಾಲ ಕೊಟ್ಟು ಹಾಕಿದ ಹಾಗೆ ಕಾಣಬಹುದು. ಸ್ಟೇಟ್‌ಮೆಂಟಿನಲ್ಲಿ ಆ ಸಾಲಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಅದೇ ತಾರೀಕಿನ ಬಿಲ್ಲನ್ನು ಹಿಂದೆಯೇ ಇಟ್ಟೆ.

ನನ್ನ ವ್ಯವಹಾರ ಹೆಚ್ಚೂ ಕಡಿಮೆ ಊರಿನ ಸಹಕಾರಿ ಬ್ಯಾಂಕಿನಲ್ಲಿ. ಆದರೂ ಬೇರೆ ಬ್ಯಾಂಕಿನ ಖಾತೆಯೊಂದಿತ್ತು. ಅದರ 6 ತಿಂಗಳ ಸ್ಟೇಟ್‌ಮೆಂಟನ್ನು ಬ್ಯಾಂಕಿನ ಸೀಲು, ಸಹಿ ಹಾಕಿಸಿ ತೆಗೆದುಕೊಂಡೆ. ಮೊಬೈಲಿನಿಂದ ತೆಗೆದ ಪ್ರಿಂಟಿಗೆ ಸೀಲು ಹಾಕಿಸಿಕೊಳ್ಳಲು ಮರೆಯಬೇಡಿ. ಹೊರಡುವ ಯೋಚನೆ ಇರುವವರು ಒಂದು ವರ್ಷ ಮೊದಲಿನಿಂದಲೇ ಅಡಿಕೆ ದುಡ್ಡು ಸ್ಟೇಟ್‌ಮೆಂಟ್ ಕೊಡಲಿರುವ ಖಾತೆಗೇ ಬರುವ ಹಾಗೆ ನೋಡಿಕೊಳ್ಳುವುದು ಒಳ್ಳೆಯದು.

ತೀರ್ವೆ ರಶೀದಿ ಮಲಯಾಳದಲ್ಲಿ ಇರುತ್ತದೆ. ಕನ್ನಡದಲ್ಲೋ ಮಲಯಾಳದಲ್ಲೋ ಇರುವ ಯಾವ ದಾಖಲೆಗೂ ಇಂಗ್ಲಿಷ್ ಅನುವಾದ ಬೇಕು. ಗಡಿಯಲ್ಲಿರುವ ನಮಗೆ ಕಾಗದಗಳಲ್ಲಿ ಮೂರು ಭಾಷೆ ಬೆರೆತಿರುತ್ತದೆ. ನನ್ನ ಅಜ್ಜನ ಕಾಲದ ಪತ್ರ ಕನ್ನಡದಲ್ಲಿ, ತೀರ್ವೆ ಮಲಯಾಳದಲ್ಲಿ, ಪಾಸ್‌ಪೋರ್ಟ್ ಇಂಗ್ಲಿಷಿನಲ್ಲಿ, ಮನೆ ಹೆಸರು ಮೂರರಲ್ಲೂ ಮೂರು ರೀತಿ. ಅನುವಾದ ಮಾಡಿಸಿ ನೋಟರಿ ಸಹಿ ಹಾಕಿಸಿದೆ. ಹೆಸರಿನ ವ್ಯತ್ಯಾಸಕ್ಕೆ ಅದೇ ವಕೀಲರಿಂದ ಒಂದು ಅಫಿಡವಿಟ್ ಮಾಡಿಸಿದೆ. ವಿಲೇಜ್ ಆಫೀಸಿನ ಕಾಗದ ಬರುವುದು ತಡವಾದ್ದರಿಂದ ಈ ಕೆಲಸಕ್ಕೇ ಜಾಸ್ತಿ ಸಮಯ ಹೋಯಿತು. ಮೊದಲು ಇದನ್ನು ಶುರು ಮಾಡಿ.

ಕೊನೆಗೆ ಗೆಳೆತನದ ದಾಖಲೆ. ಪರಿಚಯ ಇದೆ ಅಂತ ತೋರಿಸಲು ಫೋಟೋ, ಪತ್ರ, ಇಮೇಲ್, ಫೋನ್ ಕರೆಗಳ ವಿವರ ಕೊಡಬಹುದು. ನಾವು ಜೊತೆಗೆ ನಿಂತ ಒಂದು ಫೋಟೋ ಇಲ್ಲ. ಭೇಟಿಯೇ ಆಗಿಲ್ಲವಲ್ಲ! ವರ್ಷಗಟ್ಟಲೆ ಆಡಿದ ಮಾತಿನಲ್ಲಿ ಯಾವುದನ್ನು ಪ್ರಿಂಟು ಹಾಕುವುದು, ಯಾವುದನ್ನು ಬಿಡುವುದು ಅಂತ ರಾತ್ರಿ ಕೂತು ಮೇಲಿಂದ ಕೆಳಗೆ ಓದಿದೆ. ಬೊಂಬೆಯ ಹುಬ್ಬು, ಅಮ್ಮನ ಆಪರೇಶನ್, ಅವರ ಬೆಕ್ಕು ಕಾಣೆಯಾದ ವಾರ, ನಮ್ಮ ತೋಟಕ್ಕೆ ಕೊಳೆರೋಗ ಬಂದ ವರ್ಷ. ಓದುತ್ತಾ ಹೋದ ಹಾಗೆ ವೀಸಾ ಮರೆತೇ ಹೋಯಿತು.

ಸೆನ್ಸೆಯ್ ಹೇಳಿದ ಕ್ರಮದಲ್ಲಿ ಜೋಡಿಸಿದೆ. ಪ್ರತಿ ವರ್ಷದಿಂದ ಒಂದೆರಡು ಪುಟ, ತಾರೀಕು ಸ್ಪಷ್ಟವಾಗಿ ಕಾಣುವ ಹಾಗೆ. ವಿಡಿಯೋ ಕಾಲಿನ ಸ್ಕ್ರೀನ್‌ಶಾಟ್, ಅದರಲ್ಲಿ ಒಂದು ಅಮ್ಮ ಮತ್ತು ಅಕ್ಕ ಇಬ್ಬರೂ ಇರುವುದು. ಅಕ್ಕ ಕಳಿಸಿದ ಪೋಸ್ಟ್‌ಕಾರ್ಡುಗಳು, ಅಂಚೆಯ ಮುದ್ರೆಯ ತಾರೀಕಿನ ಸಮೇತ. ನಾನು ಕಾಸರಗೋಡು ಸೀರೆ ಕಳಿಸಿದಾಗಿನ ಪೋಸ್ಟ್ ಆಫೀಸ್ ರಶೀದಿ. ಇದರ ಮೇಲೆ ಪರಿಚಯ ಹೇಗೆ ಆಯಿತು ಅಂತ ಒಂದೇ ಪುಟದ ವಿವರಣೆ. ನನ್ನದು ಇಂಗ್ಲಿಷಿನಲ್ಲಿ, ಅಕ್ಕನದು ಜಪಾನಿಯಲ್ಲಿ, ಎರಡರಲ್ಲೂ ಒಂದೇ ಕಥೆ, ಒಂದೇ ತಾರೀಕು. ಕಾಗದದ ಪತ್ರ, ಪೋಸ್ಟ್‌ಕಾರ್ಡು ಬರೆಯುವ ಅಭ್ಯಾಸ ಇಟ್ಟುಕೊಳ್ಳಿ ಅಂತ ನಾನು ಎಲ್ಲ ಆನ್‌ಲೈನ್ ಗೆಳೆಯರಿಗೂ ಹೇಳುತ್ತೇನೆ. ರಶೀದಿ ಎಸೆಯಬೇಡಿ.

ಸಂಜೆ ಕಾಸರಗೋಡಿನಲ್ಲಿ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದೆ. ಬೆಳಗಿನ ಜಾವ ಎರ್ನಾಕುಲಂ ಟೌನಿನಲ್ಲಿ ಇಳಿದಾಗ ಗುಂಪಿನ ಕೊಚ್ಚಿಯ ಹುಡುಗ ಹೆಲ್ಮೆಟ್ ಎರಡು ಹಿಡಿದು ನಿಂತಿದ್ದ. ಅದುವರೆಗೆ ಬರೀ ಫೋನಿನಲ್ಲಿ ನೋಡಿದವನು. "ವಾ ಚೇಟ್ಟಾ" ಅಂತ ಬ್ಯಾಗು ಕಿತ್ತುಕೊಂಡ. ಅವನ ಕೋಣೆಯಲ್ಲಿ ಸ್ನಾನ, ಪುಟ್ಟು ಕಡಲೆ, ಆಮೇಲೆ ಫೈಲನ್ನು ಹಾಸಿಗೆ ಮೇಲೆ ಹರಡಿ ಇನ್ನೊಮ್ಮೆ ಲೆಕ್ಕ. ಫೋಟೋ 35 ಮತ್ತು 45 ಮಿಲಿಮೀಟರಿನದು, ಬಿಳಿ ಹಿನ್ನೆಲೆ, 6 ತಿಂಗಳ ಒಳಗಿನದು ಇರಬೇಕು. ಅರ್ಜಿ ಕೇಂದ್ರಕ್ಕೆ ಆನ್‌ಲೈನಿನಲ್ಲಿ ಮೊದಲೇ ಸಮಯ ತೆಗೆದುಕೊಂಡಿರಬೇಕು. ಕೌಂಟರಿನವರು ಪ್ರತಿ ಪುಟ ತಿರುವಿ ನೋಡಿದರು. ಐಟಿಆರ್ ಎಲ್ಲಿ ಅಂದರು. ಪತ್ರ ತೋರಿಸಿದೆ. "ತೆಗೆದುಕೊಳ್ಳುತ್ತೇವೆ, ತೀರ್ಮಾನ ಕಾನ್ಸುಲೇಟಿನದು" ಅಂದರು. ನಾನು ಅರ್ಜಿ ಕೊಟ್ಟಾಗ ಭಾರತೀಯರಿಗೆ ಜಪಾನ್ ವೀಸಾದ ಶುಲ್ಕ ಸಾವಿರ ರೂಪಾಯಿಯ ಒಳಗೇ ಇತ್ತು, ಕೇಂದ್ರದ ಸೇವಾ ಶುಲ್ಕ, ಕೊರಿಯರ್ ಬೇರೆ. ಪಾಸ್‌ಪೋರ್ಟ್ ಮನೆಗೆ ತರಿಸುವ ಕೊರಿಯರ್ ತೆಗೆದುಕೊಂಡುಬಿಡಿ. ಇನ್ನೊಮ್ಮೆ ಕೊಚ್ಚಿಗೆ ಹೋಗಿ ಬರುವ ಖರ್ಚಿಗಿಂತ ಅದು ಕಡಿಮೆ.

ಆಮೇಲೆ ಕಾಯುವುದು. ಕಾನ್ಸುಲೇಟಿಗೆ ಫೈಲು ಸೇರಿದ ಮೇಲೆ ಕಡಿಮೆ ಅಂದರೂ 5 ಕೆಲಸದ ದಿನ. ಕೊಚ್ಚಿಯಿಂದ ಚೆನ್ನೈಗೆ ಹೋಗಿ ಬರುವ ದಿನ ಅದಕ್ಕೆ ಸೇರಿಸಬೇಕು. ವೀಸಾ ಕೊಡದಿದ್ದರೆ ಕಾರಣ ಹೇಳುವುದಿಲ್ಲ, ಅದೇ ಕೆಲಸಕ್ಕೆ 6 ತಿಂಗಳು ಮತ್ತೆ ಅರ್ಜಿ ಹಾಕುವ ಹಾಗಿಲ್ಲ. ಇದು ತಲೆಯಲ್ಲಿ ಕೊರೆಯುತ್ತಿತ್ತು. ವಾರ ಕಳೆದ ಮೇಲೆ ಫೋನ್ ಬಂತು. ಮೊದಲ ಪರಿಚಯ ಯಾರ ಮೂಲಕ ಅನ್ನುವುದಕ್ಕೆ ಇನ್ನೊಂದು ವಿವರ ಬೇಕು ಅಂದರು. ಸೆನ್ಸೆಯ್ ಅದೇ ರಾತ್ರಿ ತಮ್ಮ ಸಹಿ ಹಾಕಿದ ಪತ್ರ ಕಳಿಸಿದರು. ಅಕ್ಕನಿಗೂ ತಮಗೂ ಎಷ್ಟು ವರ್ಷದ ಪತ್ರವ್ಯವಹಾರ, ನಾನು ಯಾವ ಬ್ಯಾಚಿನ ವಿದ್ಯಾರ್ಥಿ, ಎಲ್ಲ ಅದರಲ್ಲಿತ್ತು. ಇಂಥ ಫೋನ್ ಬಂದರೆ ಹೆದರಬೇಡಿ. ಕೇಳಿದ್ದನ್ನು ಮಾತ್ರ, ಬೇಗ ಕೊಡಿ. ಗೊತ್ತಿಲ್ಲದ ನಂಬರು ಅಂತ ಫೋನ್ ತೆಗೆಯದೆ ಇರಬೇಡಿ.

ಕೊರಿಯರಿನವರು ಬಂದದ್ದು ನಾನು ತೋಟದಲ್ಲಿದ್ದಾಗ. ಹೆಂಡತಿ ಅಲ್ಲಿಂದಲೇ ಕೂಗಿದಳು. ಕೈ ತೊಳೆದು ಕವರು ಹರಿದರೆ ಪಾಸ್‌ಪೋರ್ಟಿನ ಪುಟದಲ್ಲಿ ವೀಸಾ ಅಂಟಿಸಿದ್ದರು. ಗುಂಪಿಗೆ ಫೋಟೋ ಹಾಕಿದೆ. ಅಕ್ಕ ಆಗ ಕೆಲಸದಲ್ಲಿದ್ದರಂತೆ. ಪುಸ್ತಕದ ಕಪಾಟಿನ ಹಿಂದೆ ಹೋಗಿ ಅತ್ತೆ ಅಂತ ಆಮೇಲೆ ಹೇಳಿದರು. ವೀಸಾ ಕೊಟ್ಟ ದಿನದಿಂದ 3 ತಿಂಗಳ ಒಳಗೆ ಜಪಾನಿಗೆ ಹೋಗಬೇಕು, ಹಾಗಾಗಿ ತುಂಬ ಮೊದಲೇ ಅರ್ಜಿ ಹಾಕಿಯೂ ಪ್ರಯೋಜನ ಇಲ್ಲ.

ಟಿಕೆಟ್ ಕೊಚ್ಚಿಯಿಂದ ಕ್ವಾಲಾಲಂಪುರ, ಅಲ್ಲಿಂದ ಒಸಾಕಾದ ಕನ್ಸಾಯ್ ವಿಮಾನ ನಿಲ್ದಾಣ. ಹೋಗಿ ಬರಲು ಸುಮಾರು ಐವತ್ತು ಸಾವಿರ ಆಯಿತು. ಎರಡು ವಿಮಾನಕ್ಕೆ ಬೇರೆ ಬೇರೆ ಟಿಕೆಟ್ ಮಾಡಿದರೆ ಮಲೇಷ್ಯಾದಲ್ಲಿ ಹೊರಗೆ ಬಂದು ಲಗೇಜು ತೆಗೆದು ಮತ್ತೆ ಹಾಕಬೇಕಾಗುತ್ತದೆ. ಅದಕ್ಕೆ ಆ ದೇಶದ ಡಿಜಿಟಲ್ ಆಗಮನ ಕಾರ್ಡ್ ಮೊದಲೇ ತುಂಬಬೇಕು. ಒಂದೇ ಟಿಕೆಟ್ ಮಾಡಿ, ಸ್ವಲ್ಪ ದುಬಾರಿಯಾದರೂ ನೆಮ್ಮದಿ. ಜಪಾನಿಗೆ ಇಳಿಯುವ ಮೊದಲು ವಿಸಿಟ್ ಜಪಾನ್ ವೆಬ್ ಅನ್ನುವ ಸರ್ಕಾರಿ ತಾಣದಲ್ಲಿ ವಿವರ ತುಂಬಿ ಕ್ಯೂಆರ್ ಕೋಡ್ ಇಟ್ಟುಕೊಳ್ಳಿ. ಅದಕ್ಕೆ ದುಡ್ಡಿಲ್ಲ. ದುಡ್ಡು ಕೇಳುವ ತಾಣ ಬೇರೆ ಯಾರದ್ದೋ.

ಊರಿನಿಂದ ಏನು ಒಯ್ಯುವುದು ಅನ್ನುವುದಕ್ಕೂ ನಿಯಮ ಇದೆ. ಹಸಿ ಹಣ್ಣು, ತರಕಾರಿ, ಬೀಜಗಳಿಗೆ ಸರ್ಕಾರಿ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಮಾಂಸದ ಪದಾರ್ಥ ಬಿಡುವುದೇ ಇಲ್ಲ. ಮೂಗು ಕಟ್ಟಿದ್ದಕ್ಕೆ ನಾವು ನುಂಗುವ ಕೆಲವು ಮಾತ್ರೆಗಳಲ್ಲಿ ಸ್ಯೂಡೋಎಫೆಡ್ರಿನ್ ಇರುತ್ತದೆ, ಅದು 10 ಶೇಕಡಕ್ಕಿಂತ ಹೆಚ್ಚಿದ್ದರೆ ಅಲ್ಲಿ ನಿಷೇಧ. ನಾನು ಒಯ್ದದ್ದು ಹುರಿದ ಗೇರುಬೀಜ, ಹಲಸಿನ ಹಪ್ಪಳ. ಹಪ್ಪಳ ಯಾವುದರದ್ದು, ಹೇಗೆ ಒಣಗಿಸಿದ್ದು ಅಂತ ಸೆನ್ಸೆಯ್ ಜಪಾನಿಯಲ್ಲಿ ಬರೆದುಕೊಟ್ಟಿದ್ದರು. ಕನ್ಸಾಯಿಯಲ್ಲಿ ನಾನೇ ಕೌಂಟರಿಗೆ ಹೋಗಿ ತೋರಿಸಿದೆ. ಅಧಿಕಾರಿ ಚೀಟಿ ಓದಿದರು, ಒಂದು ಹಪ್ಪಳವನ್ನು ಬೆಳಕಿಗೆ ಹಿಡಿದರು, ಅಂಚಿನಲ್ಲಿ ಬೆರಳಾಡಿಸಿದರು, ತಿರುಗಿಸಿ ನೋಡಿದರು. ಮತ್ತೆ ಕಟ್ಟಿಗೇ ಸೇರಿಸಿ ಎರಡೂ ಕೈಯಲ್ಲಿ ವಾಪಸ್ ಕೊಟ್ಟರು.

ಅದಕ್ಕೂ ಮೊದಲು ಇಮಿಗ್ರೇಶನ್. ಬೆರಳಚ್ಚು, ಫೋಟೋ, ಆಮೇಲೆ ಎಲ್ಲಿ ಉಳಿಯುತ್ತೀರಿ ಅನ್ನುವ ಪ್ರಶ್ನೆ. ಅಕ್ಕನ ವಿಳಾಸ, ಫೋನ್ ನಂಬರು ಹೇಳಿದೆ, ಪತ್ರದ ಪ್ರತಿ ತೋರಿಸಿದೆ. ಇದ್ದದ್ದೇ ಹೇಳುತ್ತಿದ್ದ ಕಾರಣ ಎದೆ ಹೊಡೆದುಕೊಳ್ಳಲಿಲ್ಲ.

ಹೊರಗೆ ಅಕ್ಕ, ಅವರ ಯಜಮಾನರು. ಅಕ್ಕ ನಾನು ಕಳಿಸಿದ ಸೀರೆಯ ಅಂಚು ಕತ್ತರಿಸದೆ ಶಾಲಿನ ಹಾಗೆ ಹೊದ್ದಿದ್ದರು. ಮೊದಲ ಐದು ನಿಮಿಷ ಇಬ್ಬರಿಗೂ ಮಾತೇ ಹೊರಡಲಿಲ್ಲ. ಆಮೇಲೆ ರೈಲಿನಲ್ಲಿ ಕೂತ ಮೇಲೆ ಹಳೆಯ ಮಾತೆಲ್ಲ ಎಲ್ಲಿ ಬಿಟ್ಟಿದ್ದೆವೋ ಅಲ್ಲಿಂದಲೇ ಶುರುವಾಯಿತು.

ರೈಲಿಗೆ ಇಕೋಕಾ ಕಾರ್ಡ್ ಮಾಡಿಸಿದೆ. 2000 ಯೆನ್, ಅದರಲ್ಲಿ 500 ಡೆಪಾಸಿಟ್. ಎಲ್ಲರೂ ಹೇಳುವ ಜೆಆರ್ ಪಾಸ್ ಒಂದೇ ಊರಲ್ಲಿ ಇರುವವರಿಗೆ ಬೇಡ. 2023ರ ಅಕ್ಟೋಬರಿನಲ್ಲಿ ಅದರ 7 ದಿನದ ಬೆಲೆ 29,650 ಯೆನ್ನಿನಿಂದ 50,000ಕ್ಕೆ ಏರಿದೆ. ಸೆವೆನ್-ಇಲೆವೆನ್ ಅಂಗಡಿಗಳ ಎಟಿಎಮ್ಮಿನಲ್ಲಿ ನಮ್ಮ ಕಾರ್ಡು ನಡೆಯಿತು. ಸಸ್ಯಾಹಾರಿಗಳು ಗಮನಿಸಿ. ಅಲ್ಲಿನ ಹೆಚ್ಚಿನ ಸಾರುಗಳಿಗೆ ಮೀನಿನ ಕಷಾಯವೇ ಬುಡ. ಅಕ್ಕ ನನಗಾಗಿ ಕೊಂಬು ಅನ್ನುವ ಸಮುದ್ರದ ಪಾಚಿ ಮತ್ತು ಒಣ ಅಣಬೆ ನೆನೆಸಿ ಬೇರೆಯೇ ಕಷಾಯ ಮಾಡಿಟ್ಟಿದ್ದರು. ಹೊರಗೆ ತಿನ್ನುವಾಗ ಇದನ್ನು ಕೇಳಿಯೇ ತಿನ್ನಿ. ಮನೆಯಲ್ಲೇ ಉಳಿದದ್ದರಿಂದ ಟಿಕೆಟ್ ಬಿಟ್ಟರೆ ಅಲ್ಲಿನ ಖರ್ಚು ಮೂವತ್ತು ಸಾವಿರ ರೂಪಾಯಿ ದಾಟಲಿಲ್ಲ.

ಬುನ್‌ರಾಕು ನೋಡಿದ ದಿನದ ಬಗ್ಗೆ ಬರೆಯಲು ಹೊರಟರೆ ಇದು ಮುಗಿಯುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ. ಕಥೆ ಹಾಡುವವರನ್ನು ತಾಯು ಅನ್ನುತ್ತಾರೆ. ರಂಗದ ಬಲಬದಿಯ ಕಟ್ಟೆಯಲ್ಲಿ ಶಮಿಸೆನ್ ನುಡಿಸುವವರ ಪಕ್ಕ ಕೂತಿರುತ್ತಾರೆ. ಶುರು ಮಾಡುವ ಮೊದಲು ಎದುರಿನ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ, ತಲೆ ಬಾಗಿಸಿ ಹಣೆಯ ಹತ್ತಿರ ಹಿಡಿದರು. ನಾನು ಗೊತ್ತಿಲ್ಲದೆ ಕೈ ಮುಗಿದೆ. ಅಕ್ಕ ನನ್ನ ಕಡೆ ನೋಡಿ ತಲೆಯಾಡಿಸಿದರು. ಇಂಗ್ಲಿಷ್ ವಿವರಣೆಯ ಆಡಿಯೋ ಬಾಡಿಗೆಗೆ ಸಿಗುತ್ತದೆ, ತೆಗೆದುಕೊಳ್ಳಿ. ಬೊಂಬೆಯ ಕಾಲು ಆಡಿಸುವವರನ್ನು ಮರೆಯದೆ ನೋಡಿ. ಕಪ್ಪು ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು, ಬೆನ್ನು ಬಗ್ಗಿಸಿಕೊಂಡೇ ಪೂರ್ತಿ ಪ್ರಸಂಗ ಮುಗಿಸುತ್ತಾರೆ.

ಈಗ ಅಕ್ಕ ಮತ್ತು ಯಜಮಾನರು ನಮ್ಮಲ್ಲಿಗೆ ಬರುವ ತಯಾರಿಯಲ್ಲಿದ್ದಾರೆ. ನಮ್ಮ ಬೊಂಬೆಯಾಟ ನೋಡಬೇಕಂತೆ, ಅಮ್ಮನ ಹತ್ತಿರ ಹಪ್ಪಳ ಒತ್ತಲು ಕಲಿಯಬೇಕಂತೆ. ಅವರಿಗೆ ಭಾರತದ ಇ-ವೀಸಾ ಸಾಕು. ಅರ್ಜಿಯಲ್ಲಿ ಭಾರತದಲ್ಲಿರುವ ಪರಿಚಯದವರು ಅನ್ನುವ ಜಾಗದಲ್ಲಿ ನನ್ನ ಹೆಸರು ಹಾಕುತ್ತಾರೆ. ಆ ವೀಸಾದಲ್ಲಿ ಇಳಿಯಬಹುದಾದ ನಿಲ್ದಾಣಗಳಲ್ಲಿ ಮಂಗಳೂರೂ ಕೊಚ್ಚಿಯೂ ಇವೆ. ವಿದೇಶದವರು ನಮ್ಮ ಮನೆಯಲ್ಲಿ ಉಳಿದರೆ 24 ಗಂಟೆಯ ಒಳಗೆ ಅದನ್ನು ಸರ್ಕಾರಕ್ಕೆ ತಿಳಿಸುವ ಫಾರಂ (ಮೊದಲು ಫಾರಂ ಸಿ ಅನ್ನುತ್ತಿದ್ದದ್ದು) ಆನ್‌ಲೈನಿನಲ್ಲಿ ತುಂಬಬೇಕು. ಹೋಟೆಲಿನವರಷ್ಟೇ ಅಲ್ಲ, ಮನೆಯವರೂ ತುಂಬಬೇಕು. ಅದಕ್ಕೆ ಮೊದಲು ಮನೆಯ ಹೆಸರಿನಲ್ಲಿ ನೋಂದಣಿ ಆಗಬೇಕು. ಬದಿಯಡ್ಕ, ಕುಂಬಳೆ, ಮುಳ್ಳೇರಿಯ ಕಡೆ ಯಾರಾದರೂ ತಮ್ಮ ಮನೆಗೆ ಇದನ್ನು ಮಾಡಿಸಿದ್ದರೆ ದಯವಿಟ್ಟು ತಿಳಿಸಿ. ನನ್ನ ಕಾಗದಗಳ ಪಟ್ಟಿ, ಐಟಿಆರ್ ಇಲ್ಲ ಅಂತ ಬರೆದ ಪತ್ರದ ನಮೂನೆ ಬೇಕಾದವರಿಗೆ ನಾನು ಕೊಡುತ್ತೇನೆ.